ನನ್ನ ಸೊಸೆಯ ಮೇಲೆ ಕಂಪ್ಯೂಟರ್ ಹೇಳಿದ ಚಾಡಿ

೧೯೯೯ರ ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಇತ್ತೀಚೆಗೆ ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟ ಮೇಲೆ ಮೊದಲು ಏನು ಬರೆಯಲಿ ಎಂದು ಯೋಚಿಸಿದಾಗ ನೆನಪಾದದ್ದು ಆ ದಿನಗಳೇ. ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ. ಬೆರಳು ನಡುಗಿ ಒಂದು ಅಕ್ಷರದ ಬದಲು ಇನ್ನೊಂದು ಬಿದ್ದಿದ್ದರೆ ಅದು ವಯಸ್ಸಿನಿಂದಲ್ಲ, ಸಿಟ್ಟಿನಿಂದ ಎಂದು ತಿಳಿಯಿರಿ.

ನಮ್ಮದು ಸೊರಬ. ಸೊಸೆ ಗಿರಿಜಾ ಮದುವೆಯಾಗಿ ಬಂದ ಮೇಲೆ ಕಂಪ್ಯೂಟರ್ ಕಲಿತು, ಶಿಕಾರಿಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಲಗ್ನಪತ್ರಿಕೆ, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪ್ರಿಂಟ್ ತೆಗೆದುಕೊಡುವ ಅಂಗಡಿ ಅದು. ಬೆಳಿಗ್ಗೆ ಏಳೂವರೆಯ ಬಸ್ ಹತ್ತಿದರೆ ಶಿರಾಳಕೊಪ್ಪದ ಮೇಲೆ ಹೋಗಿ ಒಂಬತ್ತಕ್ಕೆ ಕುರ್ಚಿಯಲ್ಲಿರುತ್ತಿದ್ದಳು. ಅಂಗಡಿಯ ಮಾಲೀಕರ ಹೆಸರು ಬರೆಯುವುದಿಲ್ಲ. ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಓದಿಯಾರು.

ಒಂದು ಗುರುವಾರ ಮಧ್ಯಾಹ್ನ ನಾನು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಸಂಜೆ ಬರಬೇಕಾದ ಗಿರಿಜಾ ಆಗಲೇ ಬಂದಳು. ಟಿಫಿನ್ ಡಬ್ಬಿ ಕೆಳಗಿಟ್ಟಳು. ಅದು ತುಂಬಿದ ಸದ್ದು ಮಾಡಿತು.

"ಎಂತ ಆಯ್ತೆ? ಊಟ ಮಾಡಿಲ್ವಾ?" ಎಂದೆ.

"ಅತ್ತೆ, ನನ್ನನ್ನ ಕಳ್ಳಿ ಅಂದ್ರು" ಎಂದಳು. ಆಮೇಲೆ ಅಳು.

ಅಳು ನಿಂತ ಮೇಲೆ ತಿಳಿದದ್ದು ಇಷ್ಟು. ಶಿಕಾರಿಪುರದ ಒಂದು ಹೈಸ್ಕೂಲಿನ ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಪರೀಕ್ಷೆಯ ಪತ್ರಿಕೆಗಳನ್ನು ಇವಳೇ ಟೈಪ್ ಮಾಡುತ್ತಿದ್ದಳು. ಪರೀಕ್ಷೆ ಶುರುವಾಗುವ ಮೊದಲೇ ಗಣಿತದ ಪತ್ರಿಕೆ ಹುಡುಗರ ಕೈಯಲ್ಲಿ ಓಡಾಡುತ್ತಿತ್ತು. ಹೆಡ್‌ಮಾಸ್ತರು ಅಂಗಡಿಗೆ ಬಂದು ಕೂಗಾಡಿದರು. ಮಾಲೀಕರು ಕಂಪ್ಯೂಟರ್ ಕೂರಿಸಿಕೊಟ್ಟಿದ್ದ ಶಿವಮೊಗ್ಗದ ಎಂಜಿನಿಯರನ್ನು ಕರೆಸಿದರು.

ಆ ಅಂಗಡಿಯ ಒಳಕೋಣೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇತ್ತು. ಹೊರಗಿನ ಕಂಪ್ಯೂಟರುಗಳಿಗೆಲ್ಲ ಅದರಿಂದಲೇ ವೈರು. ಹೊರಗೆ ಕೂತವರು ಯಾರು, ಯಾವಾಗ ತಮ್ಮ ಹೆಸರು ಕೊಟ್ಟು ಕೆಲಸ ಶುರುಮಾಡಿದರು, ಏನು ತೆರೆದರು, ಏನು ಪ್ರಿಂಟ್ ತೆಗೆದರು ಎಂಬುದನ್ನೆಲ್ಲ ಅದು ತನ್ನಷ್ಟಕ್ಕೆ ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಅದಕ್ಕೆ ಲಾಗ್ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ಕಿಟಕಿಯ ಹಿಂದೆ ಕೂತು ಎಲ್ಲರ ಮನೆಗೆ ಯಾರು ಬಂದರು ಹೋದರು ಎಂದು ನೋಡುವ ಒಬ್ಬ ಹೆಂಗಸು ಇದ್ದಳು. ಅವಳ ಹಾಗೆಯೇ ಎಂದು ನಾನು ಅರ್ಥ ಮಾಡಿಕೊಂಡೆ.

ಎಂಜಿನಿಯರ್ ಅದರಲ್ಲಿ ಹುಡುಕಿ ಒಂದು ಸಾಲು ತೆಗೆದಿದ್ದರು. ಸೋಮವಾರ ಮಧ್ಯಾಹ್ನ ಒಂದೂವರೆಗೆ, ಗಿರಿಜಾಳ ಹೆಸರಿನಲ್ಲಿ, ಗಣಿತದ ಪತ್ರಿಕೆ ಪ್ರಿಂಟ್ ಆಗಿದೆ. ಆ ಹೊತ್ತಿಗೆ ಮಾಲೀಕರು ಊಟಕ್ಕೆ ಮನೆಗೆ ಹೋಗುತ್ತಾರೆ. ಅಂಗಡಿಯಲ್ಲೇ ಓಡಾಡಿಕೊಂಡಿದ್ದ ಅವರ ಹೆಂಡತಿಯ ತಮ್ಮನೂ ಊಟಕ್ಕೆ ಹೋಗುತ್ತಾನೆ. ಟಿಫಿನ್ ತಿನ್ನುತ್ತ ಒಬ್ಬಳೇ ಇರುವವಳು ಗಿರಿಜಾ. ಮತ್ತಿನ್ಯಾರು?

"ನಾಳೆ ಮಧ್ಯಾಹ್ನ ಬಂದು ತಪ್ಪೊಪ್ಪಿಗೆ ಬರೆದುಕೊಡಬೇಕಂತೆ ಅತ್ತೆ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟಂತೆ. ಬರೆದುಕೊಟ್ರೂ ಊರಿನ ಯಾವ ಸೆಂಟರಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ ಅಂದ್ರು."

"ನೀನು ತೆಗ್ದಿದ್ಯಾ?" ಎಂದು ಒಂದು ಸಲ ಕೇಳಿದೆ.

"ಇಲ್ಲ ಅತ್ತೆ."

"ಹಾಗಾದ್ರೆ ಏಳು, ಮುಖ ತೊಳ್ಕ. ನಾಳೆ ನಾನೂ ಬರ್ತೀನಿ."

ರಾತ್ರಿ ಊಟಕ್ಕೆ ಕೂತಾಗ ಮಗ ರಾಜು ತಟ್ಟೆ ನೋಡುತ್ತ, "ಸುಮ್ನಿರಮ್ಮ, ಏನೋ ಬರೆದುಕೊಟ್ಟು ಬಂದ್ರೆ ಮುಗೀತು. ಪೊಲೀಸು ಗಿಲೀಸು ಯಾಕೆ" ಎಂದ. ಹೆತ್ತ ಮಗನಿಗೆ ಸಾರು ಬಡಿಸುತ್ತಿದ್ದ ಸೌಟನ್ನು ಅಲ್ಲೇ ನಿಲ್ಲಿಸಿ, "ಮಾಡದೇ ಇರೋದನ್ನ ಮಾಡಿದೆ ಅಂತ ಬರೀಬೇಕಾದ್ರೆ ನೀನೇ ಬರಿಯಪ್ಪ, ನಿನ್ನ ಅಕ್ಷರ ಚೆನ್ನಾಗಿದೆ" ಎಂದೆ. ಅವನು ಸಾರಿಗೆ ಕಾಯದೆ ಮಜ್ಜಿಗೆ ಹಾಕಿಕೊಂಡು ಉಂಡೆದ್ದ.

ಮರುದಿನ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿಯುತ್ತ, "ಏನಮ್ಮ, ಪ್ರಶ್ನೆಪತ್ರಿಕೆ ಕೇಸಿಗೆ ಹೊರಟ್ರಾ?" ಎಂದ. ಮುಂದಿನ ಸೀಟಿನ ಹೆಂಗಸರು ತಿರುಗಿ ನೋಡಿದರು. ಒಂದೇ ದಿನದಲ್ಲಿ ಸುದ್ದಿ ಬಸ್ ಹತ್ತಿತ್ತು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ನಾನು ಕಂಡಕ್ಟರಿಗೆ, "ಹೌದಪ್ಪ, ವಾಪಸ್ ಬರೋವಾಗ ನಿನ್ನ ಬಸ್ಸಿಗೇ ಬರ್ತೀನಿ, ಪೂರ್ತಿ ಹೇಳ್ತೀನಿ, ಕಿವಿ ತೊಳ್ಕೊಂಡಿರು" ಎಂದೆ.

ಆಗೆಲ್ಲ ಕಂಪ್ಯೂಟರ್ ಇರುವ ಕಡೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಬಾಗಿಲಲ್ಲಿ ಮಾಲೀಕರು, "ಚಪ್ಪಲಿ ಬಿಟ್ಟು ಬರ್ರಿ ಅಮ್ಮಾರೆ" ಎಂದರು. ನಾನು ಚಪ್ಪಲಿ ತೆಗೆದೆ. ತೆಗೆದು ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಹೊಡೆಯುವ ಉದ್ದೇಶವೇನೂ ಇರಲಿಲ್ಲ, ಹೊಸ ಚಪ್ಪಲಿ, ಹೊರಗೆ ಬಿಟ್ಟರೆ ಯಾರಾದರೂ ಒಯ್ದಾರು ಎಂದು ಅಷ್ಟೇ. ಆದರೆ ಅವರಿಗೆ ಹಾಗೆ ಹೇಳುವ ಅಗತ್ಯವೂ ಕಾಣಲಿಲ್ಲ.

ಕಂಡ ಕುರ್ಚಿಯಲ್ಲಿ ಧಡಕ್ಕನೆ ಕೂತೆ. ಅದು ತಿರುಗುವ ಕುರ್ಚಿ. ನನ್ನನ್ನು ಅರ್ಧ ಸುತ್ತು ತಿರುಗಿಸಿ ಗೋಡೆಗೆ ಮುಖ ಮಾಡಿಸಿಬಿಟ್ಟಿತು. ಜಗಳಕ್ಕೆ ಬಂದವಳು ಗೋಡೆ ನೋಡುತ್ತ ಕೂತರೆ ಹೇಗಿರುತ್ತದೆ! ಗಿರಿಜಾ ಮೆಲ್ಲಗೆ ಹಿಡಿದು ಈ ಕಡೆ ತಿರುಗಿಸಿದಳು.

ಎದುರಿಗೆ ಹೆಡ್‌ಮಾಸ್ತರು, ಎಂಜಿನಿಯರ್, ಮಾಲೀಕರು. ಮೂಲೆಯಲ್ಲಿ ಮಾಲೀಕರ ಹೆಂಡತಿಯ ತಮ್ಮ ಕಾಲಾಡಿಸುತ್ತ ಕೂತಿದ್ದ. ಮೇಜಿನ ಮೇಲೆ ತಪ್ಪೊಪ್ಪಿಗೆ ಟೈಪಾಗಿ ಸಿದ್ಧವಿತ್ತು. ಸಹಿ ಒಂದು ಬಾಕಿ.

"ಅಮ್ಮಾರೆ, ನಮಗೂ ಬ್ಯಾಸರ ಐತಿ" ಎಂದರು ಮಾಲೀಕರು. "ಹುಡುಗಿ ಒಳ್ಳೇಕಿ ಅಂತ ನಂಬಿದ್ವಿ. ಆದ್ರ ಕಂಪ್ಯೂಟರ್ ಸುಳ್ಳು ಹೇಳಂಗಿಲ್ರಿ."

"ಎಲ್ಲಿ, ಅದೇನು ಹೇಳಿದೆ ತೋರಿಸಿ."

ಎಂಜಿನಿಯರ್ ಒಂದು ಹಾಳೆ ಕೊಟ್ಟರು. ಅಷ್ಟು ದೊಡ್ಡ ಹಾಳೆಯಲ್ಲಿ ಒಂದೇ ಒಂದು ಸಾಲು.

"ಇಷ್ಟೇನಾ? ಉಳಿದಿದ್ದು?"

"ಉಳಿದಿದ್ದು ಬೇಡಮ್ಮ. ಸಾವಿರಾರು ಸಾಲು ಇರ್ತವೆ. ಗಿರಿಜಾ ಅನ್ನೋ ಹೆಸರು, ಗಣಿತದ ಪೇಪರ್, ಎರಡೂ ಕೊಟ್ಟು ಹುಡುಕಿದ್ವಿ. ಇದು ಸಿಕ್ತು."

"ಅಯ್ಯೋ ಮಾರಾಯ, ಅವಳ ಹೆಸರನ್ನೇ ಕೊಟ್ಟು ಹುಡುಕಿದ್ರೆ ಅವಳ ಹೆಸರಲ್ದೆ ಇನ್ಯಾರ ಹೆಸರು ಸಿಗುತ್ತೆ? ಇವರ ಹೆಸರು ಕೊಟ್ಟು ಹುಡುಕಿದ್ರಾ?" ಎಂದು ಮಾಲೀಕರ ಕಡೆ ಚಪ್ಪಲಿ ತೋರಿಸಿದೆ. "ನಿಮ್ಮ ಹೆಸರು? ಯಾರದೂ ಇಲ್ಲ. ಮೊದ್ಲೇ ಕಳ್ಳಿ ಯಾರು ಅಂತ ಗೊತ್ತಾಗಿತ್ತು ನಿಮ್ಗೆ, ಆಮೇಲೆ ಹುಡುಕಿದ್ದು!"

ಎಂಜಿನಿಯರ್ ಕನ್ನಡಕ ಸರಿಮಾಡಿಕೊಂಡರು. ಹೆಡ್‌ಮಾಸ್ತರು "ಆ ವಾರದ್ದು ಪೂರ್ತಿ ತೆಗೀರಿ. ಕೇಳೋದ್ರಲ್ಲಿ ತಪ್ಪೇನಿಲ್ಲ" ಎಂದರು. ಮಾಲೀಕರು ಕಾಗದ ಹಾಳು ಎಂದು ಗೊಣಗಿದರು. ನಾನು ಕೇಳದವಳ ಹಾಗೆ ಕೂತೆ.

ಆಗಿನ ಪ್ರಿಂಟರ್ ಕಿರ್ರೋ ಎಂದು ಅರಚುತ್ತಿತ್ತು. ಒಂದಕ್ಕೊಂದು ಅಂಟಿದ ಕಾಗದ ನೆಲದವರೆಗೆ ಇಳಿದು ಮಡಿಕೆ ಮಡಿಕೆಯಾಗಿ ಬಿತ್ತು. ಎಲ್ಲ ಇಂಗ್ಲಿಷು. "ನೀನೇ ಓದೆ, ದೊಡ್ಡಕೆ ಓದು" ಎಂದು ಗಿರಿಜಾಗೆ ಹೇಳಿದೆ. ಅವಳು ನೆಲದ ಮೇಲೆ ಕೂತು, ಕಾಗದ ತೊಡೆಯ ಮೇಲೆ ಎಳೆದುಕೊಂಡು ಓದತೊಡಗಿದಳು.

"ಸೋಮವಾರ... ಗಿರಿಜಾ ಅಂತ ಹೆಸರು ಕೊಟ್ಟು ಒಳಗೆ ಬಂದದ್ದು... ಹನ್ನೊಂದು ಗಂಟೆ ಐದು ನಿಮಿಷ." ಅವಳು ನಿಲ್ಲಿಸಿದಳು. ಕಾಗದ ಎಳೆದಳು. "ಮಂಗಳವಾರ, ಹನ್ನೊಂದು." ಮತ್ತೆ ಎಳೆದಳು. "ಬುಧವಾರಾನೂ ಹನ್ನೊಂದು. ಇದೆಂತ ಅತ್ತೆ?"

ನನಗೆ ಒಳಗೊಳಗೇ ಏನೋ ಹೊಳೆಯಿತು. ಆದರೆ ಸಿಟ್ಟಿನಲ್ಲಿದ್ದರೂ ಮುಖದ ಮೇಲೆ ತೋರಿಸಲಿಲ್ಲ. ಮಾಲೀಕರ ಕಡೆ ತಿರುಗಿ ತುಂಬ ಬೇಸರದಿಂದ, "ನೋಡಿ, ನಮ್ಮ ಹುಡುಗಿ ದಿನಾ ಹನ್ನೊಂದಕ್ಕೆ ಬರ್ತಿದ್ಲಂತೆ. ಮನೇಲಿ ಏಳೂವರೆ ಬಸ್ಸು ಅಂತ ಹೇಳಿ ಓಡ್ತಾಳೆ. ನಡುವೆ ಎಲ್ಲಿಗೆ ಹೋಗ್ತಿದ್ಲೋ! ನೀವಾದ್ರೂ ಕೇಳಬಾರದಾ?" ಎಂದೆ.

ಮಾಲೀಕರಿಗೆ ಅವಮಾನವಾಯಿತು. ಸಮಯಕ್ಕೆ ತಾನು ಎಷ್ಟು ಕಟ್ಟುನಿಟ್ಟು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವರು. "ಏ, ಏನ್ ಮಾತಾಡ್ತೀರಿ! ಒಂಬತ್ತಕ್ಕ ನಾನು ಬಾಗಿಲದಾಗ ನಿಂತಿರ್ತೀನಿ. ಐದು ನಿಮಿಷ ತಡ ಆದ್ರ ಒಳಗ ಬಿಡಂಗಿಲ್ಲ. ನನ್ನ ಅಂಗಡಿಯಾಗ ಹನ್ನೊಂದಕ್ಕ ಬರೋ ಧೈರ್ಯ ಯಾರಿಗೈತಿ?"

"ಖಂಡಿತ ಒಂಬತ್ತಕ್ಕೇ ಬರ್ತಾಳಾ?"

"ದೇವರಾಣಿ!"

"ಹಾಗಾದ್ರೆ ನಿಮ್ಮ ಕಂಪ್ಯೂಟರ್ ಯಾಕೆ ಹನ್ನೊಂದು ಅಂತ ಬರೆದಿದೆ? ಸುಳ್ಳು ಹೇಳಂಗಿಲ್ಲ ಅಂದ್ರಲ್ಲ?"

ಗಿರಿಜಾ ಕಾಗದ ಬಿಟ್ಟು ಎದ್ದವಳೇ ಒಳಕೋಣೆಗೆ ಹೋದಳು. ಆ ದೊಡ್ಡ ಕಂಪ್ಯೂಟರಿನ ಪರದೆಗೆ ಯಾವಾಗಲೂ ಬಟ್ಟೆ ಮುಚ್ಚಿರುತ್ತಿತ್ತು. ಧೂಳು ಬೀಳಬಾರದಂತೆ. ಎಂಜಿನಿಯರ್ ಬಿಟ್ಟರೆ ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಅವಳು ಬಟ್ಟೆ ಎಳೆದು, ಪರದೆಯ ಕೆಳಗಿನ ಮೂಲೆ ನೋಡಿ, "ಅತ್ತೆ, ಇದರ ಪ್ರಕಾರ ಈಗ ಆರೂವರೆ!" ಎಂದು ಕೂಗಿದಳು. ಹೊರಗೆ ನೆತ್ತಿ ಸುಡುವ ಬಿಸಿಲು ಈಗಷ್ಟೇ ಇಳಿಯುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಬೀದಿಯಲ್ಲಿ ಕೂಗುತ್ತ ಹೋಗುತ್ತಿದ್ದರು. ಹೆಡ್‌ಮಾಸ್ತರು ತಮ್ಮ ವಾಚು ನೋಡಿಕೊಂಡರು. ನಾಲ್ಕೂವರೆ.

ಎಂಜಿನಿಯರ್ ನಾಲಿಗೆ ಕಚ್ಚಿಕೊಂಡು, "ಸಾರ್, ಅದು... ಪೂಜೆ ದಿನದ್ದು" ಎಂದರು.

ಆಗ ಹೊರಗೆ ಬಂತು ನೋಡಿ. ಹಿಂದಿನ ವರ್ಷ ಆ ಕಂಪ್ಯೂಟರ್ ಬಂದದ್ದು ಒಂದು ಗುರುವಾರ. ಲಾರಿ ತಡವಾಗಿ, ವೈರು ಎಳೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ, ಸರಿಯಾಗಿ ರಾಹುಕಾಲ ಹಿಡಿಯುವ ಹೊತ್ತು. ಮುಗಿಯುವವರೆಗೆ ಕಾದರೆ ಎಂಜಿನಿಯರಿಗೆ ಶಿವಮೊಗ್ಗದ ಬಸ್ ತಪ್ಪುತ್ತದೆ. ಆಗ ಮಾಲೀಕರೇ ಉಪಾಯ ಹೇಳಿಕೊಟ್ಟಿದ್ದರು. "ಅದರ ಗಡಿಯಾರ ಎರಡು ತಾಸು ಮುಂದ ಹಾಕ್ರಿ. ಅದರ ಲೆಕ್ಕದಾಗ ಮೂರೂವರೆ ಆತು, ರಾಹುಕಾಲ ಮುಗೀತು. ಒಳ್ಳೆ ಹೊತ್ತಿನಾಗ ಶುರು ಆತು ಅಂತ ಅದರಾಗ ಬರ್ಕೊಳ್ಳಲಿ." ಕುಂಕುಮ ಹಚ್ಚಿ, ಕಾಯಿ ಒಡೆದು, ಗುಂಡಿ ಒತ್ತಿದ್ದರು. ಆಮೇಲೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕು ಎಂದು ಇಬ್ಬರಿಗೂ ನೆನಪಾಗಲಿಲ್ಲ. ಅಂದಿನಿಂದ ಆ ಯಂತ್ರ ಎರಡು ತಾಸು ಮುಂದೆ ಕೂತು ಎಲ್ಲರ ಚಾಡಿ ಬರೆಯುತ್ತಿತ್ತು.

ರಾಹುಕಾಲ ನಾನೂ ನೋಡುತ್ತೇನೆ. ಅದರಲ್ಲಿ ನಗುವಂಥದ್ದೇನಿಲ್ಲ. ಆದರೆ ರಾಹುವಿಗೂ ಟೋಪಿ ಹಾಕಿ, ಯಂತ್ರಕ್ಕೂ ಟೋಪಿ ಹಾಕಿ, ಆಮೇಲೆ ಆ ಯಂತ್ರ ಸುಳ್ಳೇ ಹೇಳುವುದಿಲ್ಲ ಎಂದು ನನ್ನ ಸೊಸೆಯನ್ನು ಕಳ್ಳಿ ಮಾಡುವುದಿದೆಯಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಹಂಗಾದ್ರೆ ಗಣಿತದ ಪೇಪರ್ ಪ್ರಿಂಟ್ ಆಗಿದ್ದು ಒಂದೂವರೆಗೆ ಅಲ್ಲ, ಹನ್ನೊಂದೂವರೆಗೆ" ಎಂದರು ಎಂಜಿನಿಯರ್, ಯಾರಿಗೂ ಕೇಳದಿರಲಿ ಎಂಬಂತೆ.

ಗಿರಿಜಾ ಹೆಡ್‌ಮಾಸ್ತರ ಎದುರು ಬಂದು ನಿಂತಳು. "ಸಾರ್, ಸೋಮವಾರ ಹನ್ನೊಂದೂವರೆಗೆ ನಾನು ಎಲ್ಲಿದ್ದೆ ಅಂತ ನಿಮಗೇ ಗೊತ್ತು. ವಿಜ್ಞಾನದ ಪತ್ರಿಕೆ ಪ್ರೂಫ್ ತಗೊಂಡು ನಿಮ್ಮ ರೂಮಿಗೆ ಬಂದಿದ್ದೆ. ನೀವು ತಪ್ಪು ತಿದ್ದಿ ಮುಗಿಸೋವರೆಗೂ ನಿಮ್ಮ ಎದುರಿಗೇ ಕೂತಿದ್ದೆ."

ಹೆಡ್‌ಮಾಸ್ತರ ಮುಖ ಬಾಡಿತು. "ಹೌದು. ಊಟದ ಬೆಲ್ ಹೊಡೆಯೋವರೆಗೂ ಅಲ್ಲೇ ಇದ್ದೆ ನೀನು. ನಾನೇ ಕೂರಿಸ್ಕೊಂಡಿದ್ದೆ."

"ಮತ್ತ ಅವಳ ಹೆಸರ್‍ನಾಗ ಹೆಂಗ ಪ್ರಿಂಟ್ ಆತು?" ಎಂದರು ಮಾಲೀಕರು, ಇನ್ನೂ ಬಿಡದೆ.

"ನೀವೇ ಅಲ್ವಾ ಸಾರ್, ಪದೇ ಪದೇ ಮುಚ್ಚಿ ತೆಗೆದ್ರೆ ಮಷೀನ್ ಹಾಳಾಗುತ್ತೆ ಅಂತ ಬೈಯೋದು? ಬೆಳಿಗ್ಗೆ ನನ್ನ ಹೆಸರು ಕೊಟ್ಟು ತೆರೆದ್ರೆ ಸಂಜೆವರೆಗೂ ಹಾಗೇ ಇರುತ್ತೆ. ನಾನು ಎದ್ದು ಹೋದ ಮೇಲೆ ಆ ಕುರ್ಚಿಯಲ್ಲಿ ಯಾರು ಕೂತರೂ ಅದಕ್ಕೆ ಗಿರಿಜಾನೇ."

"ಸೋಮವಾರ ಹನ್ನೊಂದೂವರೆಗೆ ಅಂಗಡಿಯಲ್ಲಿ ಯಾರಿದ್ರಿ?" ಎಂದು ಕೇಳಿದೆ.

"ನಾನು ಬ್ಯಾಂಕಿಗೆ ಹೋಗಿದ್ದೆ" ಎಂದರು ಮಾಲೀಕರು. ಹೇಳಿದ ಮೇಲೆ ಅವರ ಕಣ್ಣು ತಾನಾಗಿಯೇ ಮೂಲೆಯ ಕಡೆ ಹೋಯಿತು. ನಮ್ಮೆಲ್ಲರ ಕಣ್ಣೂ ಹೋಯಿತು. ಹೆಂಡತಿಯ ತಮ್ಮ ಕಾಲಾಡಿಸುವುದನ್ನು ನಿಲ್ಲಿಸಿ ಎದ್ದು, "ಭಾವ, ಎಲ್ಲರಿಗೂ ಚಾ ಹೇಳಿ ಬರ್ತೀನಿ" ಎಂದು ಹೊರಗೆ ಹೋದ. ಆ ಚಾ ಇವತ್ತಿನವರೆಗೂ ಬಂದಿಲ್ಲ.

ಸ್ವಲ್ಪ ಹೊತ್ತು ಕಾದರು. ಆಮೇಲೆ ಮಾಲೀಕರು ಕೆಮ್ಮಿ, "ಆತು ಬಿಡ್ರಿ ಅಮ್ಮಾರೆ. ಮಷೀನ್ ತಪ್ಪು. ಇದನ್ನ ದೊಡ್ಡದು ಮಾಡಾದು ಬ್ಯಾಡ. ಹುಡುಗು ಬುದ್ಧಿ, ಗೊತ್ತಿರೋ ಹುಡುಗರಿಗೆ ಏನೋ ಕೊಟ್ಟಾನು" ಎಂದರು.

ಇದನ್ನು ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನನ್ನ ಸೊಸೆಯ ಹೆಸರು ಬಂದಾಗ ಅದು ಕಳ್ಳತನ. ಪೊಲೀಸು, ತಪ್ಪೊಪ್ಪಿಗೆ, ಊರಲ್ಲೆಲ್ಲೂ ಕೆಲಸ ಸಿಗದಂತೆ ಮಾಡುವ ಬೆದರಿಕೆ. ಮನೆಯವನ ಕಡೆ ಕಣ್ಣು ಹೋದ ಕೂಡಲೇ ಅದು ಹುಡುಗು ಬುದ್ಧಿ, ಮಷೀನ್ ತಪ್ಪು! ಆ ಹುಡುಗನಿಗೆ ನನ್ನ ಸೊಸೆಗಿಂತ ಹೆಚ್ಚು ವಯಸ್ಸಾಗಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

"ಪೊಲೀಸರನ್ನ ಕರೀತೀನಿ ಅಂದಿದ್ರಲ್ಲ, ಕರೀರಿ. ನಾನು ಕಾಯ್ತೀನಿ. ನನಗೆ ಬಸ್ಸು ಏಳಕ್ಕಿದೆ" ಎಂದೆ.

"ಅಮ್ಮಾರೆ, ಶಾಲೆ ಹೆಸರೂ ಹಾಳಾಗ್ತದೆ" ಎಂದು ಹೆಡ್‌ಮಾಸ್ತರು ನಡುವೆ ಬಂದರು. "ನಾವು ಬೇರೆ ಪತ್ರಿಕೆ ಮಾಡಿಸ್ತೀವಿ." ಅವರು ಮೇಜಿನ ಮೇಲಿದ್ದ ತಪ್ಪೊಪ್ಪಿಗೆಯನ್ನು ಹರಿದು ಹಾಕಿದರು. ಗಿರಿಜಾಗೆ, "ನಂದು ತಪ್ಪಾಯ್ತಮ್ಮ, ವಿಚಾರಿಸ್ದೆ ಮಾತಾಡ್ದೆ" ಎಂದೂ ಹೇಳಿದರು. ಅಷ್ಟರ ಮಟ್ಟಿಗೆ ಅವರು ದೊಡ್ಡವರು.

ಮಾಲೀಕರಿಂದ ಆ ಮಾತು ಬರಲಿಲ್ಲ. ಅವರು ಗಿರಿಜಾಗೆ, "ನಾಳೆ ಒಂಬತ್ತಕ್ಕಿಂತ ಮೊದ್ಲ ಬಾ. ಲಗ್ನಪತ್ರಿಕೆ ಕೆಲಸ ಬಾಳ ನಿಂತಾವು" ಎಂದರು. ಎರಡು ದಿನ ಜ್ವರ ಬಂದು ರಜೆ ಹಾಕಿದವಳಿಗೆ ಹೇಳುವ ಹಾಗೆ.

ನಾನು ಬಾಯಿ ತೆರೆದೆ. ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಟ್ಟುಕೊಂಡಿದ್ದ ಬೈಗುಳ ಬೇಕಾದಷ್ಟಿದ್ದವು. ಅಷ್ಟರಲ್ಲಿ ಗಿರಿಜಾ ನನ್ನ ಕೈ ಅದುಮಿ, ಎಂಜಿನಿಯರ್ ಕಡೆ ತಿರುಗಿದಳು.

"ಸಾರ್, ಆ ಕಂಪ್ಯೂಟರಿನಿಂದ ನನ್ನ ಹೆಸರು ತೆಗೀರಿ."

"ಹೆಸರು ತೆಗೆದ್ರೆ ನೀನು ಕೆಲಸ ಹೆಂಗ ಮಾಡ್ತಿ?" ಎಂದರು ಮಾಲೀಕರು.

"ನಾನು ಮಾಡಲ್ಲ ಸಾರ್. ನಾನು ಹೋದ ಮೇಲೆ ನನ್ನ ಹೆಸರಲ್ಲಿ ಇಲ್ಲಿ ಯಾರೂ ಏನೂ ಮಾಡಬಾರದು. ಈಗ ತೆಗೀರಿ, ನಾನು ನೋಡಬೇಕು."

ಎಂಜಿನಿಯರ್ ಮಾಲೀಕರ ಮುಖ ನೋಡಿದರು. ಹೆಡ್‌ಮಾಸ್ತರು, "ತೆಗೀರಿ" ಎಂದರು. ಒಳಕೋಣೆಯಲ್ಲಿ ನಾಲ್ಕಾರು ಗುಂಡಿ ಒತ್ತಿದ ಸದ್ದು ಕೇಳಿತು. ಗಿರಿಜಾ ಅವರ ಹಿಂದೆಯೇ ನಿಂತು, ತನ್ನ ಹೆಸರು ಕೊಟ್ಟು ಒಳಗೆ ಹೋಗಲು ನೋಡಿದಳು. ಆಗುವುದಿಲ್ಲ ಎಂದಿತು ಯಂತ್ರ. ಇನ್ನೊಂದು ಸಲ ನೋಡಿದಳು. ಆಮೇಲೆ ಹೊರಗೆ ಬಂದು ನನ್ನ ಕೈ ಹಿಡಿದು, "ಬನ್ನಿ ಅತ್ತೆ" ಎಂದಳು.

ಅವಳು ಅಷ್ಟು ಗಟ್ಟಿಗಿತ್ತಿ ಎಂದು ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ನನಗೆ ಗೊತ್ತಿರಲಿಲ್ಲ. ನಾನೇ ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಕೆಲ ತಿಂಗಳ ಮೇಲೆ ಸೊರಬದಲ್ಲೇ ಅವಳಿಗೆ ಬೇರೆ ಕೆಲಸ ಸಿಕ್ಕಿತು. ಆದರೆ ಮಾಲೀಕರು ಕಳ್ಳಿ ಎಂದು ಎಷ್ಟು ಜನರಿಗೆ ಹೇಳಿದ್ದರೋ, ಅಲ್ಲವೆಂದು ಅವರಲ್ಲಿ ಒಬ್ಬರಿಗೂ ಹೇಳಲಿಲ್ಲ. ಕಂಪ್ಯೂಟರಿನಿಂದ ಅವಳ ಹೆಸರು ತೆಗೆಯಲು ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕಾಯಿತು. ಜನರ ಬಾಯಿಂದ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊನ್ನೆ ಜಡೆ ಊರಿಗೆ ಹೋಗುವಾಗಲೂ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೆಲ್ಲಗೆ, "ನಿಮ್ಮ ಸೊಸೆದೇ ಅಲ್ವಾ ಆ ಪ್ರಶ್ನೆಪತ್ರಿಕೆ ಗಲಾಟೆ?" ಎಂದು ಕೇಳಿದಳು. "ಕೂತ್ಕಳೆ ಮಾರಾಯ್ತಿ, ಹೇಳ್ತೀನಿ" ಎಂದು ಕೈ ಹಿಡಿದುಕೊಂಡು ಶುರುಮಾಡಿದೆ. ಅವಳು ಇಳಿಯಬೇಕಾದ ಸ್ಟಾಪ್ ಬಂದು ಹೋಯಿತು. ನಾನು ಬಿಡಲಿಲ್ಲ.